ಒದ್ದೆ ಮಡಿ

ಸವಣೂರಿನಲ್ಲಿ ಇನ್ನೂ ನವಾಬರ ಆಳ್ವಿಕೆ ಇದ್ದ ಕಾಲ. ಆ ಓಣಿಯಲ್ಲಿ ಯಮುನಾಬಾಯಿಯ ಮಡಿಗೆ ಎದುರು ನಿಲ್ಲುವವರಿರಲಿಲ್ಲ. ಸೊಸೆ ಶಾಮಲಾ ಅತ್ತೆಯನ್ನೂ ಮೀರಿಸಿದಳು. ಕೂಸು ಹೊಟ್ಟೆಯಲ್ಲೇ ಸತ್ತು, ಬಾಣಂತನ ಮುಗಿಸಿ ಎದ್ದ ಮೇಲೆ ಒಣಗಿದ ಮಡಿಸೀರೆಯನ್ನು ಮುಟ್ಟಲೇ ಒಲ್ಲಳು. ಬಾವಿಕಟ್ಟೆಗೆ ಹೋಗಿ ಮೈಮೇಲೆ ನೀರು ಸುರಿದುಕೊಂಡು, ಒದ್ದೆ ಸೀರೆಯಲ್ಲೇ ಅಡುಗೆ, ಒದ್ದೆ ಸೀರೆಯಲ್ಲೇ ಬಡಿಸುವುದು. ಇಂಥ ಸೊಸೆ ಸಿಗಲು ಪುಣ್ಯ ಬೇಕೆಂದು ಯಮುನಾಬಾಯಿ ಮನೆಮನೆಗೆ ಹೇಳಿಕೊಂಡು ಬಂದದ್ದೇ ಬಂದದ್ದು. ಆ ಹುಡುಗಿಯ ಮುಖ ನೋಡುವಷ್ಟು ಪುರಸೊತ್ತು ಮಾತ್ರ ಆಕೆಗೆ ಸಿಗಲಿಲ್ಲ.

ಮಾಗಿಯ ಚಳಿಗೆ ಶಾಮಲಾಳಿಗೆ ಜ್ವರ ಬಂತು. ಯಮುನಾಬಾಯಿ ಗದರಿಸಿ ಒಣ ಸೀರೆ ಉಡಿಸಿ ಮಲಗಿಸಿದಳು. ಸ್ವಲ್ಪ ಹೊತ್ತಿಗೆ ಸೀರೆಯೂ ಹಾಸಿಗೆಯೂ ಒದ್ದೆ. ಹೆರಿಗೆಯಾದಾಗಿನಿಂದ ಮೂತ್ರ ತಡೆಯಿಲ್ಲದೆ ಸೋರುತ್ತದೆ, ಗೊತ್ತಾದರೆ ಮನೆಯಿಂದ ಹೊರಗೆ ಹಾಕುತ್ತೀರೆಂದು ಹೆದರಿ ಒದ್ದೆ ಸೀರೆಯಲ್ಲಿ ಮುಚ್ಚಿಟ್ಟೆ ಎಂದು ಶಾಮಲಾ ಗೋಡೆಗೆ ಮುಖ ಮಾಡಿ ಹೇಳಿದಳು. ಯಮುನಾಬಾಯಿಗೆ ಮೊದಲು ನೆನಪಾದದ್ದು ಆ ಸೀರೆಯಲ್ಲೇ ಬೇಯಿಸಿದ ದೇವರ ನೈವೇದ್ಯ, ಸೊಸೆಯಲ್ಲ. ಅದಕ್ಕಾಗಿ ಆಮೇಲೆ ತನ್ನನ್ನು ತಾನೇ ಎಷ್ಟು ಬೈದುಕೊಂಡಳೋ.

ಹುಬ್ಬಳ್ಳಿಯ ದವಾಖಾನೆಯಲ್ಲಿ ಡಾಕ್ಟರಬಾಯಿ ಒಳಗೆ ಅರಳೆ ಇಟ್ಟು, ಮೂತ್ರಚೀಲಕ್ಕೆ ನೀಲಿ ನೀರು ಹಾಯಿಸಿದರು. ಹೊರತೆಗೆದಾಗ ಅರಳೆ ನೀಲಿಯಾಗಿತ್ತು. ಕೂಸಿನ ತಲೆ ಬಹಳ ಹೊತ್ತು ಒತ್ತಿ ಚೀಲಕ್ಕೆ ತೂತು ಬಿದ್ದಿದೆ, ಹೊಲಿಯಬಹುದು ಎಂದರು. ಹೆರಿಗೆಯ ಬ್ಯಾನೆ ಎಷ್ಟು ಹೊತ್ತು ತಿಂದಳೆಂದು ಕೇಳಿದರು. ಮೂರು ದಿನ. ಹಾಗಾದರೆ ದವಾಖಾನೆಗೆ ಯಾಕೆ ತರಲಿಲ್ಲ?

ಮಗ ವಾದಿರಾಜ ಅಂದು ಚಕ್ಕಡಿ ಹೂಡಿ ಬಾಗಿಲಿಗೆ ತಂದಿದ್ದ. ಅಲ್ಲಿ ಕಂಡಕಂಡವರು ಮುಟ್ಟಿದ ನೀರು ಕುಡಿಯಬೇಕಾಗುತ್ತದೆಂದು ಹಟ ಹಿಡಿದು ಎತ್ತು ಬಿಚ್ಚಿಸಿದವಳು ಯಮುನಾಬಾಯಿ.

"ನಾನ ಒಲ್ಲೆ ಅಂದಿದ್ದೆನ್ರಿ," ಎಂದು ಡಾಕ್ಟರಬಾಯಿಗೆ ಹೇಳಿದಳು ಶಾಮಲಾ.

ಯಮುನಾಬಾಯಿ ಆ ಸುಳ್ಳನ್ನು ತಿದ್ದಲಿಲ್ಲ. ಹಾಗೆ ಸುಮ್ಮನಿದ್ದದ್ದೇ ಆಕೆಗೆ ಮುಂದೆ ಅನ್ನ ಸೇರಗೊಡಲಿಲ್ಲ. ಹೊಲಿಗೆ ಹಾಕಿ, ಮೂತ್ರಕ್ಕೆ ನಳಿಗೆ ಇಟ್ಟು ಮಲಗಿಸಿದ ಅಷ್ಟೂ ದಿನ ಸೊಸೆಯ ಕಾಲೊತ್ತಿದಳು, ಮೂತ್ರದ ಪಾತ್ರೆ ತಾನೇ ಚೆಲ್ಲಿದಳು, ದವಾಖಾನೆಯ ನಳದ ನೀರನ್ನೇ ಕುಡಿದಳು. ತಪ್ಪು ಮಾತ್ರ ಎದೆಯಲ್ಲಿ ಹಾಗೇ ಕೂತಿತ್ತು.

ನಳಿಗೆ ತೆಗೆದ ಮರುದಿನ ಬೆಳಿಗ್ಗೆ ಹಾಸಿಗೆ ಒಣಗಿಯೇ ಇತ್ತು. ಶಾಮಲಾ ಅದನ್ನು ಅಂಗೈಯಿಂದ ಸವರಿ ಸವರಿ ನೋಡಿದಳು. ಡಾಕ್ಟರಬಾಯಿ, ಇಂಥ ಸೊಸೆಯನ್ನು ತವರಿಗೆ ಅಟ್ಟಿ ಮಗನಿಗೆ ಬೇರೆ ಮದುವೆ ಮಾಡುವವರೇ ಹೆಚ್ಚು, ನಿಮ್ಮಂಥ ಅತ್ತೆಯನ್ನು ನಾನು ಕಂಡಿಲ್ಲ ಎಂದರು.

"ಹಂಗನಬ್ಯಾಡ್ರಿ," ಎಂದಳು ಯಮುನಾಬಾಯಿ. "ಒಲ್ಲೆ ಅಂದಾಕಿ ನಾನು, ಆಕಿ ಅಲ್ಲ. ಕೂಸೂ ನನ್ನಿಂದನ ಹೋತು."

ಶಾಮಲಾಳ ಕೈ ಹಾಸಿಗೆಯ ಮೇಲೆ ನಿಂತಿತು. ಕೂಸು ಹೋದಂದಿನಿಂದ ಒಮ್ಮೆಯೂ ಅಳದವಳು ಈಗ ಬಿಕ್ಕಿ ಬಿಕ್ಕಿ ಅತ್ತಳು. ಹತ್ತಿರ ಹೋಗಿ ಸಮಾಧಾನ ಮಾಡಲು ಯಮುನಾಬಾಯಿಗೆ ಧೈರ್ಯವಾಗಲಿಲ್ಲ.