ಮಾರ್ಕೆಟ್ಟಿನಲ್ಲಿ ಸಿಕ್ಕ ಸುನಂದಾ

ಮಾನ್ವಿಯಿಂದ ರಾಯಚೂರಿಗೆ ವರ್ಗವಾಗಿ ಬಂದ ಮೊದಲ ಭಾನುವಾರ ಶಶಿಕಲಾ ಟೀಚರ್ ಚೀಲ ಹಿಡಿದು ತರಕಾರಿ ಮಾರ್ಕೆಟ್ಟಿಗೆ ಹೋದಳು. ಹಳ್ಳಿಯ ಹೆಂಗಸರು ನಸುಕಿನಲ್ಲಿ ಕೊಯ್ದ ಸೊಪ್ಪು ತಂದು ಹಿಂದಿನ ಗಲ್ಲಿಯಲ್ಲಿ ಕೂರುತ್ತಾರೆ, ಎಂಟರೊಳಗೆ ಹೋಗಬೇಕು ಎಂದು ಪಕ್ಕದ ಮನೆಯ ಅನ್ವರಿ ಬೇಗಂ ಹೇಳಿದ್ದರು.

ಪುಂಡಿಪಲ್ಯದ ಎಲೆ ಮುರಿದು ನೋಡಿ, ಕಟ್ಟು ಎಷ್ಟೆಂದು ಕೇಳಲು ತಲೆ ಎತ್ತಿದಳು. ಗೋಣಿಚೀಲದ ಮೇಲೆ ಕೂತಿದ್ದವಳು ಸುನಂದಾ.

ದೇವದುರ್ಗದ ಹಾಸ್ಟೆಲ್ಲಿನಲ್ಲಿ ಐದು ವರ್ಷ ಒಂದೇ ಕೋಣೆಯಲ್ಲಿದ್ದ, ಮಸರಕಲ್ಲಿನ ಸುನಂದಾ. ಜ್ವರ ಬಂದು ತೀರಿಕೊಂಡಳೆಂದು ಅವಳಣ್ಣ ಬಸವಲಿಂಗ ಫೋನಿನಲ್ಲಿ ಹೇಳಿ ಏಳು ವರ್ಷವಾಗಿತ್ತು. ಆಗ ಶಶಿಕಲಾ ಹತ್ತು ದಿನದ ಬಾಣಂತಿ. ಗೋಡೆಗೆ ಮುಖ ಮಾಡಿ ಅತ್ತಿದ್ದಳು.

ಶಶಿಕಲಾ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಪಕ್ಕದಲ್ಲಿ ಹುಣಸೆ ಚಿಗುರು ಮಾರುತ್ತಿದ್ದ ಯಂಕಮ್ಮ ಓಡಿಬಂದು ನೀರು ಕುಡಿಸಿದಳು.

"ನೀ ಸತ್ತೀ ಅಂದ್ರು," ಎಂದಳು ಶಶಿಕಲಾ.

ಸುನಂದಾಳ ಮುಖ ಬಿಳುಚಿತು. "ಊರಾಗ 'ನಮ್ಮ ಪಾಲಿಗೆ ಸತ್ತಾಳ' ಅಂದಿದ್ರು, ಅದು ಗೊತ್ತಿತ್ತು. ನಿನಗ ಖರೇನ ಸತ್ತಾಳ ಅಂದ್ರೇನು?"

ಮೆಲ್ಲಗೆ ಎಲ್ಲ ಹೇಳಿದಳು. ಅದೇ ಊರಿನ ದಲಿತ ಕೇರಿಯ ಸಂಜೀವನನ್ನು ಮದುವೆಯಾದದ್ದಕ್ಕೆ ಮನೆಯವರು ಬಾಗಿಲು ಮುಚ್ಚಿದ್ದರು. ಈಗ ಇಬ್ಬರೂ ಗಿಲ್ಲೆಸುಗೂರಿನಲ್ಲಿ ಎರಡೆಕರೆ ಹೊಲವನ್ನು ಲಾವಣಿಗೆ, ಗುತ್ತಿಗೆಗೆ ಹಿಡಿದು ಸೊಪ್ಪು ಬೆಳೆಯುತ್ತಿದ್ದರು. ಶಶಿಕಲಾ ನಿನ್ನ ಮುಖ ನೋಡುವುದಿಲ್ಲ ಎಂದಿದ್ದಾಳೆ ಎಂದು ಬಸವಲಿಂಗ ಸುನಂದಾಳಿಗೂ ಸುಳ್ಳು ಹೇಳಿದ್ದ. ಅವಳೂ ನಂಬಿದ್ದಳು.

"ನಾ ಹಂಗ ಅಂದೇ ಇಲ್ಲ. ನನ್ನ ಮಗಳಿಗೆ ನಿನ್ನ ಹೆಸರು ಇಟ್ಟೀನಿ."

ಸುನಂದಾ ಸೆರಗಿನಿಂದ ಕಣ್ಣೊತ್ತಿಕೊಂಡಳು. ಆಮೇಲೆ ಕೇಳಿದಳು: "ಒಮ್ಮೆರ ಮಸರಕಲ್ಲಿಗೆ ಬಂದು ಕೇಳಬೇಕಿತ್ತಲ್ಲ ಶಶಿ? ಬಸ್‌ಸ್ಟ್ಯಾಂಡಿನಾಗ ನಿಂತವರು ಸುದ್ದಾ ಹೇಳ್ತಿದ್ರು."

ಏಳು ವರ್ಷದಲ್ಲಿ ಶಶಿಕಲಾ ಎಷ್ಟು ಸಲ ಆ ದಾರಿಯ ಬಸ್ಸಿನಲ್ಲಿ ಹೋಗಿದ್ದಳೋ, ಒಮ್ಮೆಯೂ ಇಳಿದಿರಲಿಲ್ಲ. ಬಸವಲಿಂಗನ ಸುಳ್ಳಿಗಿಂತ ಈ ಯೋಚನೆಯೇ ಅವಳನ್ನು ಹೆಚ್ಚು ನಡುಗಿಸಿತು.

ಗಿರಾಕಿಗಳು ಬಂದರು. ಸುನಂದಾ ಕಟ್ಟು ಎತ್ತಿ ಕೊಡುತ್ತಿದ್ದಳು, ಶಶಿಕಲಾ ಅವಳ ಪಕ್ಕದಲ್ಲೇ ಗೋಣಿಚೀಲದ ಮೇಲೆ ಕೂತಳು. ಹತ್ತಕ್ಕೆಲ್ಲ ಸೊಪ್ಪು ಮುಗಿಯಿತು. ಶಶಿಕಲಾ ಮನೆಗೆ ಫೋನ್ ಮಾಡಿ ಬರುವುದು ತಡವಾಗುತ್ತದೆ ಎಂದಷ್ಟೇ ಹೇಳಿದಳು. ಯಾಕೆಂದು ಗಂಡ ಕೇಳಿದಾಗ "ಬಂದು ಹೇಳ್ತೀನಿ" ಎಂದು ಫೋನ್ ಇಟ್ಟಳು.

ಇಬ್ಬರೂ ಹತ್ತಿ ಕೂತ ಗಿಲ್ಲೆಸುಗೂರಿನ ಬಸ್ಸು ಹೊರಟ ಮೇಲೂ ಅವಳು ಸುನಂದಾಳ ಬೆಚ್ಚಗಿನ ಮಣಿಕಟ್ಟನ್ನು ಬಿಡಲಿಲ್ಲ.