ಹೊಸ ನಳಿಗೆ

ಹಳೆಯ ಜೋಡುನಳಿಗೆ ಕೋವಿಗೆ ಹೊಸ ನಳಿಗೆ ಕೂರಿಸುವುದು ಎರಡನೇ ಮದುವೆ ಇದ್ದಂತೆ, ಹೊಂದಿಕೊಳ್ಳಬೇಕಾದವರು ಹೊಸಬರೇ ಎಂದು ಕೋವಿ ರಿಪೇರಿ ಮಾಡುವ ಯಜಮಾನರು ಹೇಳುತ್ತಿದ್ದರು. ಹಾಗಾಗಿ ಕಬ್ಬಿಣ ಉಜ್ಜುವ ಅರ ಆಡುವುದು ಹೊಸ ನಳಿಗೆಯ ಮೇಲೆ ಮಾತ್ರ. ಅದರ ಬುಡಕ್ಕೆ ದೀಪದ ಮಸಿ ಹಿಡಿಸಿ, ಕೋವಿಗೆ ಜೋಡಿಸಿ, ಬಿಚ್ಚಿ, ಮಸಿ ಅಳಿದು ಹೊಳೆಯುವ ಕಡೆ ಕೂದಲೆಳೆಯಷ್ಟು ಉಜ್ಜಬೇಕು. ಹೆಚ್ಚಾದರೆ ಸಡಿಲ, ನಳಿಗೆ ದಂಡ.

ಆ ಹೊಳಪು ಒಂದು ವರ್ಷದಿಂದ ಅವರ ಕಣ್ಣಿಗೆ ಕಾಣುತ್ತಿರಲಿಲ್ಲ. ಇದು ಯಾರಿಗೂ ಗೊತ್ತಿಲ್ಲವೆಂದು ಅವರು ನಂಬಿದ್ದರು. ಹೆಂಡತಿಗೆ ಗೊತ್ತಿತ್ತು.

“ಅರ ಅಲ್ಯಾಕ್ರೀ ಇಡ್ತೀರಿ? ಹೊಳೀತಿರೋದು ಈ ಕಡೆ,” ಎಂದರು ಆಕೆ, ಪಕ್ಕದಲ್ಲಿ ಹೆಣಿಗೆ ಹಾಕುತ್ತಾ.

“ನಲವತ್ತು ವರ್ಷದ ಕಸುಬು. ನೀನು ನಂಗೆ ಹೇಳಿಕೊಡ್ತೀಯಾ?”

“ನಲವತ್ತು ವರ್ಷದಿಂದ ನಾನೂ ಇಲ್ಲೇ ಕೂತಿದೀನಿ. ಮೊನ್ನೆ ಸಕ್ಕರೆ ಅಂತ ಕಾಫಿಗೆ ಉಪ್ಪು ಹಾಕ್ಕೊಂಡು ಕುಡಿದ್ರಿ. ಏನಾದ್ರೂ ಅಂದ್ನಾ? ಅದು ನಿಮ್ಮ ಕಾಫಿ. ಇದು ಊರವರ ಕೋವಿ.”

ಅವರು ಅರ ಕೆಳಗಿಟ್ಟರು. ಆಮೇಲೆ ಮತ್ತೆ ಮಸಿ ಹಿಡಿಸಿ, ಜೋಡಿಸಿ, ಬಿಚ್ಚಿ, ನಳಿಗೆಯನ್ನು ಆಕೆಯ ಕಡೆ ತಿರುಗಿಸಿದರು.

“ಎಲ್ಲಿ, ತೋರಿಸು.”

ಆಕೆಯ ಹೆಣಿಗೆ ಕಡ್ಡಿ ತೋರಿಸಿದಲ್ಲೆಲ್ಲ ಅರ ಆಡಿತು. ಮೂರನೆಯ ದಿನ ನಳಿಗೆ ಸರಿಯಾಗಿ ಕೂತು, ಕೋವಿ ಮೆತ್ತಗೆ, ಸಂದಿಲ್ಲದೆ ಮುಚ್ಚಿಕೊಂಡಿತು. ಇನ್ನು ನಳಿಗೆಗೆ ಕಪ್ಪು ಬಣ್ಣ ಬರಿಸುವುದು ಉಳಿದಿತ್ತು.

“ಬಣ್ಣ ನಾನೊಬ್ಬನೇ ನೋಡ್ಕೋತೀನಿ,” ಎಂದರು.

“ನೋಡ್ಕೊಳ್ಳಿ,” ಎನ್ನುತ್ತಾ ಆಕೆ ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು.