ತಿರುಗಬಾರದ ಬುಟ್ಟಿ

ಕೋಳಿ ಮುಚ್ಚುವ ಎರಡು ಬುಟ್ಟಿಗಳನ್ನು ಬಾಯಿಗೆ ಬಾಯಿ ಸೇರಿಸಿ ಕಟ್ಟಿ ಆಕಾಶಗಂಗೆ ಮಾಡುತ್ತೇನೆ ಎಂದಾಗ ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕರು. ನಗಲಿ. ಹಡಗಲಿಯ ಜೂನಿಯರ್ ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುವ ನನಗೆ ಅದೇನು ಹೊಸದಲ್ಲ.

2002ರ ವಿಜ್ಞಾನ ಪ್ರದರ್ಶನಕ್ಕೆಂದು ನಾನೂ ನನ್ನ ವಿದ್ಯಾರ್ಥಿನಿ ಗಂಗಾಂಬಿಕಾಳೂ ಕೂತು ಮಾಡಿದ ಮಾದರಿ ಅದು. ನಡುವೆ ಸಾಸಿವೆ ಅಂಟಿಸಿದ ಸ್ಟೀಲ್ ತಟ್ಟೆ; ಸಾಸಿವೆಯೇ ನಕ್ಷತ್ರಗಳು. ತಟ್ಟೆಯನ್ನು ತಿರುಗಿಸಲು ಹಳೆಯ ಟೇಬಲ್ ಫ್ಯಾನಿನ ಮೋಟಾರು. ಸುತ್ತ ದಾರದಲ್ಲಿ ತೂಗುಬಿಟ್ಟ ಬುಟ್ಟಿ, ಅದರೊಳಗೆ ಕರಿ ಉಣ್ಣೆ, ನಡುವಿಗೆ ದಟ್ಟ, ಅಂಚಿಗೆ ತೆಳು. ಉಣ್ಣೆಯೇ ಡಾರ್ಕ್ ಮ್ಯಾಟರ್, ಕಣ್ಣಿಗೆ ಕಾಣದ ದ್ರವ್ಯ. ಅಂಚಿನ ನಕ್ಷತ್ರಗಳು ಅಷ್ಟು ಜೋರಾಗಿ ಓಡಿದರೂ ಸಿಡಿದು ಹೋಗದಿರುವುದು ಅದರ ಸೆಳೆತದಿಂದ. ಮುಖ್ಯವಾದ ಮಾತೆಂದರೆ ತಟ್ಟೆ ತಿರುಗಬೇಕು, ಬುಟ್ಟಿ ತಿರುಗಬಾರದು. ಆ ದ್ರವ್ಯದ ಕಣಗಳು ತಮ್ಮ ಪಾಡಿಗೆ ಎತ್ತೆತ್ತಲೋ ಓಡಾಡಿಕೊಂಡಿರುತ್ತವೆ, ನಮ್ಮ ಜೊತೆ ಒಟ್ಟಾಗಿ ಸುತ್ತುವುದಿಲ್ಲ. ನಾವೇ ಅದರೊಳಗೆ ನುಗ್ಗಿಕೊಂಡು ಹೋಗುತ್ತಿರುತ್ತೇವೆ. ಇದನ್ನು ಗಂಗಾಂಬಿಕಾ ಒಂದೇ ಸಲಕ್ಕೆ ಹಿಡಿದಳು. ಅಂಥ ಹುಡುಗಿ ನನಗೆ ಇನ್ನೊಬ್ಬಳು ಸಿಕ್ಕಿಲ್ಲ.

ಅವಳ ಅಪ್ಪ ಅಮರೇಶಪ್ಪ ಮಲ್ಲಿಗೆ ವ್ಯಾಪಾರಿ. "ಈ ಪ್ರದರ್ಶನದಾಗ ಫಸ್ಟ್ ಬಂದ್ರ ಧಾರವಾಡದಾಗ ಬಿಎಸ್ಸಿ ಓದಿಸ್ತೀನ್ರಿ ಮೇಡಂ. ಇಲ್ಲಾಂದ್ರ ಬಂದಿರೋ ವರನ್ನ ಒಪ್ಕೋಬೇಕು," ಎಂದು ನನ್ನೆದುರೇ ಹೇಳಿದ್ದರು.

ಪ್ರದರ್ಶನದ ದಿನ ಕೊಟ್ಟೂರಿನಿಂದ ಬರುವ ನನ್ನ ಬಸ್ಸು ತಡವಾಯಿತು. ದಾರಿಯುದ್ದಕ್ಕೂ ಒಕ್ಕಣೆಗೆಂದು ರಸ್ತೆಯ ಮೇಲೆ ತೆನೆ ಹರಡಿದ್ದರು, ಡ್ರೈವರ್ ಬಸ್ಸನ್ನು ಮದುವಣಗಿತ್ತಿಯ ಹೆಜ್ಜೆಯಲ್ಲಿ ನಡೆಸಿದ. ಓಡೋಡಿ ಹಾಲ್‌ಗೆ ಬಂದು ನೋಡಿದರೆ ನನ್ನ ಬುಟ್ಟಿ ಬೆಳ್ಳಗಾಗಿತ್ತು!

ಆಡಳಿತ ಮಂಡಳಿಯ ಅಧ್ಯಕ್ಷ ಮರುಳಪ್ಪನವರು ಕೈಮುಗಿದು ನಿಂತಿದ್ದರು. "ಕರೇದೆಲ್ಲಾ ತೆಗಿಸೀನ್ರಿ ಮೇಡಂ. ದೀಪ ಹಚ್ಚೋ ಜಾಗದಾಗ ಕರೇದು ಇರಬಾರ್ದು. ಅಮರೇಶಪ್ಪ ಹೂವು ತಂದಾನ, ನೋಡ್ರಿ ಎಷ್ಟು ಚಂದ ಕಾಣಾಕತ್ತೈತಿ!"

ಮೈ ಉರಿದುಹೋಯಿತು. ಉಣ್ಣೆ ಹೋದರೆ ಹೋಗಲಿ, ಮಲ್ಲಿಗೆಯನ್ನೇ ಡಾರ್ಕ್ ಮ್ಯಾಟರ್ ಅನ್ನಬಹುದಿತ್ತು. ಆದರೆ ಮಾಲೆ ಜೋಲು ಬೀಳಬಾರದೆಂದು ಅಮರೇಶಪ್ಪ ಅದರ ಒಂದು ತುದಿಯನ್ನು ಬುಟ್ಟಿಗೂ ಇನ್ನೊಂದು ತುದಿಯನ್ನು ತಟ್ಟೆಗೂ ಬಿಗಿದು ಕಟ್ಟಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ತೀರ್ಪುಗಾರರು ಬಂದರು, ಮರುಳಪ್ಪನವರು ತಾವೇ ಸ್ವಿಚ್ ಒತ್ತಿದರು. ತಟ್ಟೆ ತಿರುಗಿತು, ಮಾಲೆ ಎಳೆಯಿತು, ಬುಟ್ಟಿಯೂ ಘಮಘಮ ಎನ್ನುತ್ತ ಜೊತೆಗೇ ತಿರುಗತೊಡಗಿತು. ಜನ ಚಪ್ಪಾಳೆ ತಟ್ಟಿದರು. ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು.

"ಏನಮ್ಮಾ, ಡಾರ್ಕ್ ಮ್ಯಾಟರೂ ನಮ್ಮ ಜೊತೆಗೇ ತಿರುಗುತ್ತೇನು?" ಎಂದು ತೀರ್ಪುಗಾರರೊಬ್ಬರು ಗಂಗಾಂಬಿಕಾಳನ್ನು ಕೇಳಿದರು.

ಮೇಜಿನ ಮೇಲೆ ಕತ್ತರಿ ಇತ್ತು. ಕತ್ತರಿಸಿಬಿಡು ಎಂದು ನಾನು ಕಣ್ಣಲ್ಲೇ ಸನ್ನೆ ಮಾಡಿದೆ. ಅವಳು ಮುಂದಿನ ಸಾಲಿನಲ್ಲಿ ಹೊಸ ಅಂಗಿ ತೊಟ್ಟು ಕೂತಿದ್ದ ಅಪ್ಪನನ್ನು ನೋಡಿದಳು.

"ಹೌದ್ರಿ ಸರ್. ಎಲ್ಲಾ ಕೂಡೇ ತಿರುಗತೈತ್ರಿ."

ಮೊದಲ ಬಹುಮಾನ ಬಂತು. ನಾನು ಅವಳ ರಟ್ಟೆ ಹಿಡಿದು ವರಾಂಡಕ್ಕೆ ಎಳೆದುಕೊಂಡು ಹೋದೆ. "ಇದನ್ನೇನ ನಾ ನಿನಗ ಕಲಿಸಿದ್ದು? ಎಲ್ಲರೆದುರಿಗೆ ಅಪ್ಪಟ ಸುಳ್ಳು!"

ಅವಳು ಕೈ ಬಿಡಿಸಿಕೊಳ್ಳಲಿಲ್ಲ. "ಸುಳ್ಳಂತ ಗೊತ್ತೈತ್ರಿ ಮೇಡಂ. ಅಷ್ಟು ಮಂದಿ ಮುಂದ ಅಪ್ಪನ ಹೂವು ಕತ್ತರಿಸಿದ್ರ ಧಾರವಾಡ ಎಲ್ಲಿಂದ ಬರ್ತಿತ್ರಿ? ಅಲ್ಲಿಗೆ ಹೋಗಿ ಖರೇದು ಹೇಳ್ತೀನಿ. ಇಲ್ಲಿ ಹೇಳಿದ್ರ ಅದ ನನ್ನ ಕಡೀ ಮಾತಾಗ್ತಿತ್ತು."

ನಾನು ಅವಳ ರಟ್ಟೆ ಬಿಟ್ಟೆ. ಸಿಟ್ಟು ಮಾತ್ರ ಇಳಿಯಲಿಲ್ಲ, ಅದನ್ನು ಯಾರ ಮೇಲೆ ಹಾಕಬೇಕೆಂದೂ ತಿಳಿಯಲಿಲ್ಲ.

ಅಷ್ಟರಲ್ಲಿ ಅಮರೇಶಪ್ಪ ಪೇಡೆಯ ಪೊಟ್ಟಣ ಹಿಡಿದು ಬಂದರು. ಕಣ್ಣು ಒದ್ದೆಯಾಗಿದ್ದವು. "ನನ್ನ ಮಗಳು ಎಷ್ಟು ಧೈರ್ಯದಿಂದ ಹೇಳಿದ್ಲು ನೋಡ್ರಿ! ಎಲ್ಲಾ ಕೂಡೇ ತಿರುಗತೈತಿ ಅಂತ. ಇದೆಲ್ಲಾ ನೀವ ಕಲಿಸಿದ್ದಲ್ಲೇನ್ರಿ ಮೇಡಂ?"

ಗಂಗಾಂಬಿಕಾ ನನ್ನ ಮುಖವನ್ನೇ ನೋಡುತ್ತಿದ್ದಳು.

"ಹೌದ್ರಿ," ಎಂದೆ. "ನಾನ ಕಲಿಸಿದ್ದು."